ವರ್ಷಕ್ಕೆ ಎರಡು ಸಲ ಬರ್ತಿದ್ದ ಹರ್ಪಿಸ್ ಈಗ ಆರು ತಿಂಗಳಲ್ಲಿ ಐದು ಸಲ, ಯಾಕಿರಬಹುದು?

ನಿದ್ದೆಗೆಟ್ಟವ:

ಹೊಸ ಐಡಿ ಮಾಡ್ಕೊಂಡು ಬರೀತಿದೀನಿ, ಯಾಕೆ ಅಂತ ಓದ್ತಾ ಗೊತ್ತಾಗತ್ತೆ. ವಯಸ್ಸು 33, ಬೆಂಗಳೂರು, ಮದುವೆ ಆಗಿಲ್ಲ. ಮೂರು ವರ್ಷದ ಹಿಂದೆ ಕೆಳಗಡೆ ಗುಳ್ಳೆ ಎದ್ದು, ಜ್ವರ ಬಂದು, ತೊಡೆಸಂದಿಲಿ ಗಂಟು ಕಟ್ಟಿ, ಉಚ್ಚೆಗೆ ಹೋದ್ರೆ ಕಣ್ಣಲ್ಲಿ ನೀರು ಬರೋ ಥರ ಆಗಿತ್ತು. ಸ್ಕಿನ್ ಡಾಕ್ಟ್ರು ಒಂದು ಗುಳ್ಳೆ ಚುಚ್ಚಿ ಹತ್ತಿ ಕಡ್ಡಿಲಿ ಒರೆಸ್ಕೊಂಡು ಪಿಸಿಆರ್‌ಗೆ ಕಳಿಸಿದ್ರು, ಎಚ್‌ಎಸ್‌ವಿ-2, ಅಂದ್ರೆ ಹರ್ಪಿಸ್ ವೈರಸ್‌ನಲ್ಲಿ ಎರಡನೇ ಥರದ್ದು, ಅಂತ ಬಂತು. ಆವತ್ತು ಭೂಮಿ ಬಾಯ್ಬಿಡಬಾರದಾ ಅನ್ನಿಸಿತ್ತು, ಆಮೇಲಾಮೇಲೆ ಅಭ್ಯಾಸ ಆಯ್ತು. ಮೊದಲ ವರ್ಷ ನಾಲ್ಕು ಸಲ, ಆಮೇಲೆ ವರ್ಷಕ್ಕೆ ಎರಡು ಸಲ, ಅದೂ ನಾಲ್ಕೈದು ಗುಳ್ಳೆ ಎದ್ದು ವಾರದಲ್ಲಿ ಒಣಗಿ ಹೋಗೋದು.

ಈ ವರ್ಷ ಏನಾಗಿದೆಯೋ ಗೊತ್ತಾಗ್ತಿಲ್ಲ. ಜನವರಿ ಕೊನೆ, ಫೆಬ್ರವರಿ, ಮಾರ್ಚ್, ಏಪ್ರಿಲ್, ಈಗ ಜೂನ್ ಮೊದಲನೇ ವಾರ. ಒಂದು ಮಾಯುವಷ್ಟರಲ್ಲಿ ಇನ್ನೊಂದು ಬಂದಂಗಿದೆ.

ಏನೇನು ಬದಲಾಗಿದೆ ಅಂತ ಯೋಚ್ನೆ ಮಾಡಿದ್ರೆ ತಲೆ ಕೆಡತ್ತೆ, ಯಾಕಂದ್ರೆ ಎಲ್ಲಾನೂ ಬದಲಾಗಿದೆ. ಜನವರಿಯಿಂದ ನೈಟ್ ಶಿಫ್ಟ್, ಬೆಳಗ್ಗೆ ಏಳಕ್ಕೆ ಬಂದು ಮಲಗಿದ್ರೆ ಪಕ್ಕದ ಸೈಟಲ್ಲಿ ಕಟ್ಟಡದ ಕೆಲಸ, ನಾಲ್ಕು ಗಂಟೆ ನಿದ್ದೆ ಆದ್ರೆ ಪುಣ್ಯ. ದಿನಾ ಬೈಕಲ್ಲಿ ಹೋಗ್ತಾ ಬರ್ತಾ 40 ಕಿಲೋಮೀಟರ್. ಜಿಮ್‌ಗೆ ಸೇರಿ ಪೀನಟ್ ಬಟರ್, ಬಾದಾಮಿ ಜಾಸ್ತಿ ತಿಂತಿದೀನಿ, ಕಡಲೆಬೀಜದಿಂದ ಹರ್ಪಿಸ್ ಜಾಸ್ತಿ ಆಗತ್ತೆ ಅಂತ ಎಲ್ಲೋ ಓದಿದೆ. ಬೇಸಿಗೇಲಿ ತೊಡೆಸಂದಿಲಿ ಹುಳುಕಡ್ಡಿ ಆಗಿ ಮೆಡಿಕಲ್‌ನಲ್ಲಿ ಕೇಳಿ ಒಂದು ಕ್ರೀಮ್ ತಂದು ಹಚ್ತಿದೀನಿ, ಬಿಟ್ರೆ ಮತ್ತೆ ಬರತ್ತೆ. ಏಪ್ರಿಲ್‌ನಲ್ಲಿ ಕಸಿನ್ ಮದುವೆ ಊಟ ಮಾಡಿ ಹೊಟ್ಟೆ ಕೆಟ್ಟು ಎರಡು ದಿನ ಮಲಗಿದ್ದೆ, ಅದು ಸರಿಹೋಗೋ ಹೊತ್ತಿಗೆ ಇದು ಶುರು. ಎಲ್ಲದಕ್ಕಿಂತ ಮೇಲಾಗಿ ಮನೇಲಿ ಹೆಣ್ಣು ನೋಡ್ತಿದಾರೆ. ಮಾರ್ಚಲ್ಲಿ ಹುಡುಗಿ ಮನೆಗೆ ಹೋಗಿ ಉಪ್ಪಿಟ್ಟು ತಿಂದು ಬಂದ ಮೂರನೇ ದಿನಕ್ಕೇ ಬಂತು, ದೇವರಾಣೆ.

ಪ್ರತಿ ಸಲ ಏಸೈಕ್ಲೋವಿರ್ ಕ್ರೀಮ್ ಹಚ್ಕೊಂಡು ಸುಮ್ನಿರ್ತೀನಿ. ಇಮ್ಯುನಿಟಿ ಹೋಗಿದೆಯಾ? ಯಾರಿಗಾದ್ರೂ ಹಿಂಗೆ ಆಗಿದ್ರೆ ದಯವಿಟ್ಟು ಹೇಳಿ. ತಮಾಷೆ ಮಾಡೋರು ಮಾಡ್ಕೊಳಿ, ಪರವಾಗಿಲ್ಲ.

ಗಿರಿಜಾಮಾವ:

ಉಷ್ಣ ಕಣಪ್ಪ ಇದು, ಶುದ್ಧ ಉಷ್ಣ. ರಾತ್ರಿ ಎದ್ದಿರೋದು, ಬೈಕ್ ಸೀಟು, ಬಾದಾಮಿ, ಕೋಳಿ, ಎಲ್ಲಾ ಉಷ್ಣವೇ. ಬೆಳಗ್ಗೆ ಎಳನೀರು, ರಾತ್ರಿ ನೆನೆಸಿದ ಮೆಂತ್ಯ, ಮಧ್ಯಾಹ್ನ ಮಜ್ಜಿಗೆ, ಶನಿವಾರ ಶನಿವಾರ ಹರಳೆಣ್ಣೆ ಸ್ನಾನ. ಮೂರು ತಿಂಗಳು ಮಾಡು, ಆಮೇಲೆ ನನ್ನ ನೆನೆಸ್ಕೊ.

ಚಿತ್ರದುರ್ಗದ_ಬಿಸಿಲು:

ಮಾವ, ಎಳನೀರು ಕುಡೀಲಿ ಬೇಡ ಅಂದೋರ್ಯಾರು, ಆದ್ರೆ ಇದು ವೈರಸ್ಸು. ಒಂದ್ಸಲ ಒಳಗೆ ಬಂದ್ರೆ ಬೆನ್ನುಮೂಳೆ ಬುಡದಲ್ಲಿರೋ ನರದ ಗಂಟಲ್ಲಿ ಬೀಡು ಬಿಟ್ಟು ಕೂತಿರತ್ತೆ, ತುಟಿಗೆ ಬರೋದಾದ್ರೆ ಕಿವಿ ಹತ್ರದ ನರದ ಗಂಟಲ್ಲಿ. ಅಲ್ಲಿಂದ ಅದನ್ನ ಓಡಿಸೋ ಔಷಧಿ ಇನ್ನೂ ಬಂದಿಲ್ಲ, ಯೂಟ್ಯೂಬಲ್ಲಿ ಮೂರು ತಿಂಗಳಲ್ಲಿ ಬುಡಸಮೇತ ಕಿತ್ತಾಕ್ತೀವಿ ಅನ್ನೋರೆಲ್ಲ ದುಡ್ಡು ಕಿತ್ಕೊಳ್ಳೋರು. ಅದು ಆಗಾಗ ನರದ ದಾರೀಲೇ ಇಳಿದು ಬಂದು ಅದೇ ಜಾಗದ ಸುತ್ತಮುತ್ತ ಗುಳ್ಳೆ ಎಬ್ಬಿಸತ್ತೆ. ಜ್ವರ ಬಂದಾಗ, ನಿದ್ದೆ ಇಲ್ದೆ ಸೊರಗಿದಾಗ, ಆ ಜಾಗ ಉಜ್ಜಿ ಗಾಯ ಆದಾಗ, ಸ್ಟೀರಾಯ್ಡ್ ಮಾತ್ರೆ ತಗೊಂಡಾಗ ಬರೋದು ಜಾಸ್ತಿ. ಮೊದಲ ವರ್ಷ ನಾಲ್ಕೈದು ಸಲ ಬರೋದು ಎಚ್‌ಎಸ್‌ವಿ-2ರಲ್ಲಿ ಮಾಮೂಲು, ಆಮೇಲೆ ಸಾಮಾನ್ಯವಾಗಿ ಕಮ್ಮಿ ಆಗ್ತಾ ಹೋಗತ್ತೆ. ಕೆಲವರಿಗೆ ಮಾತ್ರ ವರ್ಷ ಕಳೆದ ಮೇಲೂ ಜಾಸ್ತಿ ಆಗೋದುಂಟು, ಅದಕ್ಕೆ ಅವರ ತಪ್ಪೇನೂ ಇರಲ್ಲ.

ಕಡಲೆಬೀಜದ ಕಥೆ ಬಿಡಿ. ಅದು ಅರ್ಜಿನಿನ್, ಲೈಸಿನ್ ಅಂತ ಪ್ರೋಟೀನ್‌ನಲ್ಲಿರೋ ಅಮೈನೋ ಆಮ್ಲಗಳನ್ನ ಲ್ಯಾಬಲ್ಲಿ ಜೀವಕೋಶದ ಮೇಲೆ ನೋಡಿದ್ದು, ಜನ ಅದನ್ನ ತಿನ್ನೋ ತಟ್ಟೆ ತನಕ ಎಳ್ಕೊಂಡು ಬಂದಿದಾರೆ. ಲೈಸಿನ್ ಮಾತ್ರೆಗೆ ದುಡ್ಡು ಹಾಕ್ಬೇಡಿ, ಹಳೇ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡೋ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೇಲಿ ತುಟಿ ಹರ್ಪಿಸ್ ತಡೆಯೋಕೆ ಅದರಿಂದ ಉಪಯೋಗ ಕಾಣ್ಲಿಲ್ಲ ಅಂತಾನೇ ಬಂದಿದೆ. ಪೀನಟ್ ಬಟರ್ ತಿಂದ್ಕೊಂಡು ಆರಾಮಾಗಿರಿ.

ಪೇಡೆ_ಪ್ರಿಯ:

ನಾ ಧಾರವಾಡ ಕಡೆಯಾಂವ್ರೀ. ನನಗ ಇರೋದು ತುಟಿ ಮ್ಯಾಲೆ, ಸಣ್ಣಾಂವ ಇದ್ದಾಗಿಂದ. ಜ್ವರ ಬಂದ್ರ ಸಾಕು, ಮಾರನೆ ದಿನಾ ತುಟಿ ಮೂಲ್ಯಾಗ ಸಾಬೂದಾನಿ ಕಾಳಿನಂಗ ಗುಳ್ಳಿ. ನಮ್ಮ ಅವ್ವಗ ಅದು ಜಾಡ ಉಚ್ಚಿ ಹೊಯ್ದದ್ದು, ನಮ್ಮ ಆಯಿಗ ಸರ್ಪಸುತ್ತು. ಆಯಿ ಮಾತು ಕೇಳಿ ಒಬ್ಬರ ಕಡೆ ಕರಕೊಂಡು ಹೋಗಿ ಕೆಮ್ಮಣ್ಣು ಹಚ್ಚಿಸಿ ಮಾರಿ ತುಂಬ ಕೆಂಪು ಮಾಡ್ಕೊಂಡು ಸಾಲಿಗೆ ಹೋಗಿದ್ನಿ, ಇವತ್ತಿಗೂ ಗೆಳ್ಯಾರು ಅದನ್ನ ತಗದು ನಗ್ತಾರ. ಸರ್ಪಸುತ್ತು ಬ್ಯಾರೆ ಐತ್ರಿ, ಅದು ಸಿಡುಬಿನ ಥರ ಬರ್ತದಲ್ಲ ಚಿಕನ್‌ಪಾಕ್ಸ್, ಅದರ ವೈರಸ್ಸು, ಮೈ ಒಂದs ಮಗ್ಗಲಕ್ಕ ಪಟ್ಟಿ ಹೊಡದಂಗ ಬರ್ತದ. ಹೆಸರು ಎರಡಕ್ಕೂ ಹರ್ಪಿಸ್ ಅಂತ ಇರೋದಕ್ಕ ಎಲ್ಲಾರೂ ಗೊಂದಲ ಮಾಡ್ಕೋತಾರ.

ನನಗ ಬಿಸಲು ಭಾಳ ಆಗಿ ಬರಂಗಿಲ್ಲ. ಹೊಲದಾಗ ಒಂದು ಇಡೀ ದಿನಾ ನಿಂತೆ ಅಂದ್ರ ಬಂತs ಅಂತ ತಿಳೀರಿ. ಈಗ ಟೋಪಿ ಹಾಕ್ತೀನಿ, ತುಟಿಗೆ ಸನ್‌ಸ್ಕ್ರೀನ್ ಇರೋ ಬಾಮ್ ಹಚ್ತೀನಿ, ಕಮ್ಮಿ ಆಗೈತಿ. ನಿಮ್ಮದು ಕೆಳಗ ಇರೋದಕ್ಕ ಬಿಸಲಿನ ಮಾತು ನಿಮಗ ಉಪಯೋಗ ಇಲ್ಲ ಬಿಡ್ರಿ.

ಒಂದು ಮಾತ್ರ ಎಲ್ಲಾರಿಗೂ ಹೇಳ್ತೀನಿ. ಹೋದ ವರ್ಷ ಕಣ್ಣು ಕೆಂಪಾಗಿ, ಬೆಳಕು ನೋಡಾಕ ಆಗವಲ್ದು, ನಾ ಮದ್ರಾಸ್ ಐ ಅಂತ ತಿಳ್ಕೊಂಡು ಅಂಗಡ್ಯಾಗ ಕೇಳಿ ಡ್ರಾಪ್ಸ್ ಹಾಕ್ದೆ, ಅದರಾಗ ಸ್ಟೀರಾಯ್ಡ್ ಇತ್ತು. ಮೂರನೇ ದಿನಕ್ಕ ಮಂಜು ಮಂಜು. ಕಣ್ಣಿನ ಡಾಕ್ಟ್ರು ಹಳದಿ ಬಣ್ಣದ ಹನಿ ಹಾಕಿ ನೀಲಿ ಲೈಟ್ ಬಿಟ್ಟು ನೋಡಿ ಫೋಟೋ ತೋರಿಸಿದ್ರು, ಕಣ್ಣಿನ ಕರೀಗುಡ್ಡಿ ಮ್ಯಾಲೆ ಗಿಡದ ಒಣಾ ಟೊಂಗಿ ಇಟ್ಟಂಗ ಗಾಯ. ಹರ್ಪಿಸ್ ಅದು. ಇನ್ನ ನಾಕ್ ದಿನಾ ಆ ಡ್ರಾಪ್ಸ್ ಹಾಕಿದ್ರ ಕಣ್ಣs ಹೋಗ್ತಿತ್ತು ಅಂದ್ರು. ಹರ್ಪಿಸ್ ಇದ್ದಾವರು ಕಣ್ಣು ಕೆಂಪಾದ್ರ ಅಂಗಡಿ ಡ್ರಾಪ್ಸ್ ಮುಟ್ಟಬ್ಯಾಡ್ರಿ, ಗುಳ್ಳಿ ಮುಟ್ಟಿದ ಕೈಲೆ ಲೆನ್ಸ್ ಹಾಕಬ್ಯಾಡ್ರಿ.

ಔಷಧಿ_ಅಂಗಡಿ_ಹುಡ್ಗ:

ಬಿ.ಫಾರ್ಮ್ ಮುಗಿಸಿ ಒಂಬತ್ತು ವರ್ಷದಿಂದ ಕೌಂಟರ್‌ನಲ್ಲಿ ನಿಂತಿರೋನು. ಡಾಕ್ಟರ್ ಅಲ್ಲ, ಅದನ್ನ ನೆನಪಿಟ್ಕೊಂಡು ಓದಿ.

ಮೊದಲು ಆ ಹುಳುಕಡ್ಡಿ ಕ್ರೀಮ್ ಹೆಸರು ನೋಡಿ ಗುರು. ಟ್ಯೂಬ್ ಹಿಂದೆ ಸಣ್ಣ ಅಕ್ಷರದಲ್ಲಿ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಅಂತ ಇದ್ರೆ ಅದು ಸ್ಟೀರಾಯ್ಡ್. ನಮ್ಮ ಅಂಗಡಿಗೆ ದಿನಕ್ಕೆ ಹತ್ತು ಜನ ಬಂದು ಅದನ್ನೇ ಕೇಳ್ತಾರೆ, ತುರಿಕೆ ಒಂದೇ ದಿನಕ್ಕೆ ನಿಲ್ಲತ್ತಲ್ಲ ಅದಕ್ಕೆ. ಹುಳುಕಡ್ಡಿ ಒಳಗೊಳಗೇ ಹರಡ್ತಿರತ್ತೆ, ಬಿಟ್ಟ ತಕ್ಷಣ ದುಪ್ಪಟ್ಟು ವಾಪಸ್ ಬರತ್ತೆ, ನೀವು ಹೇಳಿದ್ದೂ ಅದನ್ನೇ. ತಿಂಗಳಗಟ್ಟಲೆ ತೊಡೆಸಂದಿಗೆ ಹಚ್ಚಿದ್ರೆ ಅಲ್ಲಿ ಚರ್ಮ ತೆಳ್ಳಗಾಗತ್ತೆ, ಆ ಜಾಗದ ರೋಗನಿರೋಧಕ ಶಕ್ತೀನೂ ಕುಗ್ಗತ್ತೆ, ವೈರಸ್‌ಗೆ ಹಾಸಿಗೆ ಹಾಸಿ ಕೊಟ್ಟಂಗೆ.

ಎರಡನೇದು, ಏಸೈಕ್ಲೋವಿರ್ ಕ್ರೀಮ್. ಕೆಳಗಡೆ ಬರೋ ಹರ್ಪಿಸ್‌ಗೆ ಕ್ರೀಮಿಂದ ಉಪಯೋಗ ಬಹಳ ಕಮ್ಮಿ, ಮಾತ್ರೆ ಬೇಕು. ಅದೂ ಗುಳ್ಳೆ ಪೂರ್ತಿ ಎದ್ದ ಮೇಲೆ ನಾಲ್ಕನೇ ದಿನ ತಗೊಂಡು ಪ್ರಯೋಜನ ಇಲ್ಲ, ಬರೋಕೆ ಮುಂಚೆ ಚುರುಚುರು ಅನ್ನತ್ತಲ್ಲ, ಕೆಲವರಿಗೆ ಕುಂಡಿ, ತೊಡೆ ಹಿಂದೆ ಎಳೆತ ಬರತ್ತಲ್ಲ, ಆಗಲೇ, ಹೆಚ್ಚಂದ್ರೆ ಮೊದಲ ದಿನದ ಒಳಗೆ ಶುರು ಮಾಡ್ಬೇಕು. ವ್ಯಾಲಸೈಕ್ಲೋವಿರ್ 500 ದಿನಕ್ಕೆರಡು ಮೂರು ದಿನ, ಇಲ್ಲಾಂದ್ರೆ ಏಸೈಕ್ಲೋವಿರ್ 800 ದಿನಕ್ಕೆ ಮೂರರಂತೆ ಎರಡು ದಿನ, ಹಿಂಗೆ ಚಿಕ್ಕ ಕೋರ್ಸ್‌ಗಳಿದಾವೆ. ಡಾಕ್ಟ್ರ ಹತ್ರ ಮೊದಲೇ ಚೀಟಿ ಬರೆಸ್ಕೊಂಡು ಒಂದು ಸ್ಟ್ರಿಪ್ ಮನೇಲಿ ಇಟ್ಕೊಂಡಿದ್ರೆ ಭಾನುವಾರ ರಾತ್ರಿ ಅಂಗಡಿ ಹುಡುಕೋದು ತಪ್ಪತ್ತೆ. ಕಿಡ್ನಿ ತೊಂದ್ರೆ ಇರೋರಿಗೆ ಡೋಸ್ ಬೇರೆ. ನೀರು ಚೆನ್ನಾಗಿ ಕುಡೀಬೇಕು.

ಇಷ್ಟು ಪದೇಪದೇ ಬರೋರಿಗೆ ದಿನಾ ಒಂದು ಮಾತ್ರೆ ಅನ್ನೋ ದಾರೀನೂ ಇದೆ, ಸಪ್ರೆಸ್ಸಿವ್ ಅಂತಾರೆ. ವ್ಯಾಲಸೈಕ್ಲೋವಿರ್ 500 ದಿನಕ್ಕೊಂದು ಅಥವಾ ಏಸೈಕ್ಲೋವಿರ್ 400 ದಿನಕ್ಕೆರಡು. ಬರೋದು ನೂರಕ್ಕೆ 70ರಿಂದ 80ರಷ್ಟು ಕಮ್ಮಿ ಆಗತ್ತೆ. ಹಳೇ ಔಷಧಿ ಇದು, ಏಸೈಕ್ಲೋವಿರ್ ಕಂಡುಹಿಡಿದ ತಂಡದ ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು, ವರ್ಷಗಟ್ಟಲೆ ತಗೊಂಡೋರಿದಾರೆ. ಜನೌಷಧಿ ಅಂಗಡಿಲಿ ಏಸೈಕ್ಲೋವಿರ್ ಕಮ್ಮಿ ರೇಟಿಗೆ ಸಿಗತ್ತೆ.

ಪ್ರೈವೇಟ್‌ಗೆ ಹೋಗೋಕೆ ಮುಜುಗರ ಆದ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆ ಅಂತ ಸುರಕ್ಷಾ ಕ್ಲಿನಿಕ್ ಇರತ್ತೆ. ಅಲ್ಲಿ ಹರ್ಪಿಸ್‌ಗೆ ಅಂತಾನೇ ಕಿಟ್ 5, ಕೆಂಪು ಪ್ಯಾಕೆಟ್, ಒಳಗೆ ಏಸೈಕ್ಲೋವಿರ್ 400ರ 21 ಮಾತ್ರೆ, ಪುಕ್ಕಟೆ. ಅದೇ ಕ್ಯಾಂಪಸ್ಸಲ್ಲೇ ಐಸಿಟಿಸಿ, ಅಂದ್ರೆ ಸಲಹೆ ಕೊಟ್ಟು ಟೆಸ್ಟ್ ಮಾಡೋ ಸರ್ಕಾರಿ ಕೇಂದ್ರ, ಇದ್ರೆ ಎಚ್‌ಐವಿ ಟೆಸ್ಟೂ ಪುಕ್ಕಟೆ. ಹೆದರಿಸ್ತಿಲ್ಲ, ಆದ್ರೆ ಇದ್ದಕ್ಕಿದ್ದಂಗೆ ಜಾಸ್ತಿ ಆದಾಗ ಎಚ್‌ಐವಿ, ಶುಗರ್ ಎರಡೂ ನೋಡಿಸ್ಕೊಂಡು ಬಿಡೋದು ಒಳ್ಳೇದು.

ನಿದ್ದೆಗೆಟ್ಟವ:

ಟ್ಯೂಬ್ ನೋಡಿದೆ. ಕ್ಲೋಬೆಟಸಾಲ್, ಅದರ ಜೊತೆ ಇನ್ನೂ ನಾಲ್ಕು ಹೆಸರು. ಮಾರ್ಚಿಂದ ಹಚ್ತಿದೀನಿ, ಇದು ಐದನೇ ಟ್ಯೂಬ್. ಥೂ. ಮಾತ್ರೆ ವಿಷಯ ಯಾರೂ ಹೇಳಿರ್ಲಿಲ್ಲ, ಅಂದ್ರೆ ಮೊದಲ ಸಲ ಕೊಟ್ಟಿದ್ರು, ಆಮೇಲೆ ನಾನೇ ಡಾಕ್ಟ್ರ ಹತ್ರ ಹೋಗಿಲ್ಲ, ನಾಚಿಕೆ.

ಕಡಲತೀರದ_ಅಕ್ಕ:

ಇಲ್ಲಿ ಗಂಡಸರೇ ಮಾತಾಡ್ತಿದ್ದೀರಿ, ಹೆಂಗಸರಿಗೂ ಉಂಟು ಮಾರಾಯ್ರೆ ಇದು, ಗಂಡಸರಿಗಿಂತ ಜಾಸ್ತಿಯೇ. ನಾನು ಉಡುಪಿ ಕಡೆಯವಳು, ಹನ್ನೊಂದು ವರ್ಷದಿಂದ ಇದೆ, ಎರಡು ಮಕ್ಕಳ ತಾಯಿ. ನನಗೆ ಮುಟ್ಟಿಗೆ ಎರಡು ದಿನ ಮೊದಲು ಬರ್ತಿತ್ತು, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದರಿಂದ ಗೊತ್ತಾದದ್ದು. 1999ರಲ್ಲಿ ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ ಮುಟ್ಟಿಗೂ ಇದಕ್ಕೂ ಸಂಬಂಧ ಕಾಣಲಿಲ್ಲ ಅಂತ ಬಂದಿತ್ತಂತೆ, ಇರಬಹುದು, ನನ್ನ ಗೋಡೆ ಕ್ಯಾಲೆಂಡರ್ ಬೇರೆಯೇ ಹೇಳ್ತದೆ. ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಉಂಟು, ಅದು ನಿಮಗೆ ಬೇಕಾದದ್ದು. ಒಂದು ದಿನದ ಟೆನ್ಶನ್‌ನಿಂದ, ಒಂದು ಜಗಳದಿಂದ ಬರುವುದಿಲ್ಲ, ಒಂದು ವಾರಕ್ಕಿಂತ ಹೆಚ್ಚು ಎಳೆಯುವ ಚಿಂತೆ ಇದ್ದವರಿಗೆ ಮುಂದಿನ ವಾರ ಬರುವುದು ಜಾಸ್ತಿ. ಹಾಗಾಗಿ ಉಪ್ಪಿಟ್ಟು ತಿಂದ ಆ ಒಂದು ಸಂಜೆ ಅಲ್ಲ ತಮ್ಮ, ಅದಕ್ಕೆ ಮೊದಲು ಹದಿನೈದು ದಿನ ನೀವು ಒಳಗೇ ಬೆಂದದ್ದು.

ಇನ್ನು ಮದುವೆ ವಿಷಯ, ನೀವು ಕೇಳಲಿಲ್ಲ, ಆದರೂ ಹೇಳ್ತೇನೆ. ನಾನು ಮದುವೆಗೆ ಮೊದಲು ಹೇಳಿದೆ. ಮಣಿಪಾಲದಲ್ಲಿ ಒಂದು ಹೋಟೆಲಿನಲ್ಲಿ ಬನ್ಸ್ ತಿಂತಾ ಇದ್ದೆವು, ಅವರು ಬನ್ಸ್ ಕೆಳಗಿಟ್ಟು ಐದು ನಿಮಿಷ ಏನೂ ಮಾತಾಡಲಿಲ್ಲ. ಆಮೇಲೆ ಡಾಕ್ಟರ ಹತ್ತಿರ ಇಬ್ಬರೂ ಹೋದೆವು. ಅವರು ವಿವರಿಸಿದ್ದು ಹೀಗೆ: ಹುಣ್ಣು ಇರುವಾಗ, ಬರುವ ಸೂಚನೆ ಇರುವಾಗ ಸೇರುವುದೇ ಬೇಡ. ಹುಣ್ಣು ಇಲ್ಲದಾಗಲೂ ವೈರಸ್ ಸ್ವಲ್ಪ ಹೊರಗೆ ಬರ್ತಾ ಇರ್ತದೆ, ಕಾಂಡೋಮ್ ಅಪಾಯ ಕಡಿಮೆ ಮಾಡ್ತದೆ ಆದರೆ ಪೂರ್ತಿ ಮುಚ್ಚುವುದಿಲ್ಲ. ದಿನಾ ವ್ಯಾಲಸೈಕ್ಲೋವಿರ್ ತಗೊಂಡರೆ ಜೊತೆಗಾರರಿಗೆ ಹೋಗುವುದು ಹತ್ತಿರ ಹತ್ತಿರ ಅರ್ಧ ಆಗ್ತದೆ. 2004ರಲ್ಲಿ ಬಂದ ಲೆಕ್ಕ ಅದು, 1,484 ಜೋಡಿಗಳು, ಎಂಟು ತಿಂಗಳು, ಸುಳ್ಳು ಮಾತ್ರೆ ತಗೊಂಡ ಕಡೆ ನೂರಕ್ಕೆ 3.6 ಜನಕ್ಕೆ ಅಂಟಿತು, ನಿಜ ಮಾತ್ರೆ ಕಡೆ 1.9. ನನ್ನ ಗಂಡನಿಗೆ ಇವತ್ತಿನವರೆಗೆ ಬಂದಿಲ್ಲ. ಬಂದರೂ ಆಕಾಶ ಬೀಳುವುದಿಲ್ಲ ಅಂತ ಅವರೇ ಹೇಳ್ತಾರೆ.

ಬಸುರಿ ಇದ್ದಾಗ 36 ವಾರದಿಂದ ಏಸೈಕ್ಲೋವಿರ್ ಕೊಟ್ಟರು, ಹೆರಿಗೆ ನೋವು ಬಂದಾಗ ಟಾರ್ಚ್ ಹಾಕಿ ಹುಡುಕಿದರು, ಒಂದೂ ಹುಣ್ಣು ಇರಲಿಲ್ಲ, ಎರಡೂ ನಾರ್ಮಲ್. ಹುಣ್ಣು ಇದ್ದಿದ್ದರೆ ಸಿಸೇರಿಯನ್ ಅಂತ ಮೊದಲೇ ಹೇಳಿದ್ದರು. ಇದನ್ನು ಓದುವ ಬಸುರಿಯರು ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಬಸುರಿನ ಕೊನೆ ತಿಂಗಳುಗಳಲ್ಲಿ ಮೊದಲ ಸಲ ಬಂದರೆ ಮಗುವಿಗೆ ಅಪಾಯ ಬಹಳ.

ಉರಿಗೆ ನನ್ನ ಉಪಾಯ: ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಉಪ್ಪು ಹಾಕಿ ಹತ್ತು ನಿಮಿಷ ಕೂರುವುದು, ಮೂತ್ರ ತಡೆಯಲಾರದ ಉರಿ ಇದ್ದರೆ ಆ ನೀರಿನಲ್ಲೇ ಮಾಡಿಬಿಡುವುದು, ನಾಚಿಕೆ ಎಂತದ್ದು. ಮೆತ್ತಗೆ ಒತ್ತಿ ಒರೆಸಿ, ಹತ್ತಿಯ ಸಡಿಲ ಚಡ್ಡಿ.

ಪಟ್ಟಣದ_ಪರದೇಸಿ:

ಅಕ್ಕ ಬರೆದದ್ದು ಓದಿ ಒಂದು ಕೇಳ್ಬೇಕು ಅನ್ನಿಸ್ತು, ಮಧ್ಯ ಬಂದಿದ್ದಕ್ಕೆ ಕ್ಷಮಿಸಿ. ನಂಗೆ ಯಾವ ಗುಳ್ಳೇನೂ ಬಂದಿಲ್ಲ ಇಡೀ ಜನ್ಮದಲ್ಲಿ, ಆಫೀಸಿಂದ ಮಾಡಿಸಿದ ಪ್ಯಾಕೇಜ್‌ನಲ್ಲಿ ಎಚ್‌ಎಸ್‌ವಿ ಐಜಿಎಂ ಪಾಸಿಟಿವ್ ಅಂತ ಬಂದು ನಿದ್ದೆ ಹೋಗಿದೆ.

ಚಿತ್ರದುರ್ಗದ_ಬಿಸಿಲು:

ಐಜಿಎಂ, ಐಜಿಜಿ ಅಂದ್ರೆ ವೈರಸ್ ವಿರುದ್ಧ ರಕ್ತದಲ್ಲಿ ಹುಟ್ಟೋ ಪ್ರತಿಕಾಯಗಳು. ಐಜಿಎಂ ರಿಪೋರ್ಟ್ ಮಡಚಿ ಒಳಗಿಡಿ. ಆ ಟೆಸ್ಟ್ ಹರ್ಪಿಸ್‌ಗೆ ನಂಬೋ ಹಂಗಿಲ್ಲ, 1 ಯಾವುದು 2 ಯಾವುದು ಅಂತಾನೂ ಸರಿಯಾಗಿ ಹೇಳಲ್ಲ, ಬೇರೆ ವೈರಸ್ ಇದ್ರೂ ಪಾಸಿಟಿವ್ ತೋರಿಸತ್ತೆ. ಐಜಿಜಿನಲ್ಲೂ ನಂಬರ್ ಅಂಚಲ್ಲಿದ್ರೆ, 3ಕ್ಕಿಂತ ಕಮ್ಮಿ ಇದ್ರೆ, ಸುಳ್ಳು ಪಾಸಿಟಿವ್ ಬಹಳ. ಗುಳ್ಳೆ ಇದ್ದಾಗ ಅದರಿಂದಾನೇ ತೆಗೆದ ಸ್ವಾಬ್ ಪಿಸಿಆರ್, ಅದು ಟೆಸ್ಟ್. ಗುಳ್ಳೆ ಬರದೇ ಇರೋನಿಗೆ ಈ ಟೆಸ್ಟ್ ಮಾಡಿದ್ದೇ ತಪ್ಪು. ಅಂದಹಾಗೆ ಇದೇನು ಅಪರೂಪದ ಶಾಪ ಅಲ್ಲ, 15ರಿಂದ 49 ವಯಸ್ಸಿನವರಲ್ಲಿ ಜಗತ್ತಿನಲ್ಲಿ 84 ಕೋಟಿಗೂ ಜಾಸ್ತಿ ಜನಕ್ಕೆ ಜನನಾಂಗದ ಹರ್ಪಿಸ್ ಇದೆ ಅಂತ ಡಬ್ಲ್ಯುಎಚ್‌ಒ 2024ರ ಡಿಸೆಂಬರಲ್ಲಿ ಹೇಳಿದೆ, ಬಹಳಷ್ಟು ಜನಕ್ಕೆ ತಮಗಿದೆ ಅಂತಾನೇ ಗೊತ್ತಿಲ್ಲ.

ಕಪ್ಪುಮಚ್ಚೆ:

ಎಲ್ಲಾ ಓದಿದೆ. ಒಂದು ಪ್ರಶ್ನೆ, ಯಾರೂ ಕೇಳಿಲ್ಲ. ಏಪ್ರಿಲಲ್ಲಿ ಹೊಟ್ಟೆ ಕೆಟ್ಟಾಗ ಯಾವ ಮಾತ್ರೆ ತಗೊಂಡ್ರಿ? ಆಮೇಲೆ ಬಂದಿದ್ದು ಮೊದಲಿನ ಥರ ನಾಲ್ಕೈದು ಸಣ್ಣ ಗುಳ್ಳೆ ಗುಂಪಾಗಿತ್ತಾ, ಇಲ್ಲಾ ಒಂದೇ ದುಂಡಗೆ ನಾಣ್ಯದ ಥರ ಕೆಂಪಾಗಿ ಕಪ್ಪಾಗಿ ಸಿಪ್ಪೆ ಎದ್ದಿತ್ತಾ?

ನಿದ್ದೆಗೆಟ್ಟವ:

ಮದುವೆ ಮನೇಲಿ ಯಾರೋ ಕೊಟ್ಟ ಹಳದಿ ಮಾತ್ರೆ, ನಾರ್‌ಫ್ಲಾಕ್ಸಸಿನ್ ಟಿನಿಡಜೋಲ್ ಎರಡೂ ಇರೋದು, ನಮ್ಮನೇಲಿ ಲೂಸ್ ಮೋಷನ್ ಅಂದ್ರೆ ಚಿಕ್ಕಂದಿನಿಂದ ಅದೇ. ನೀವು ಕೇಳಿದ ಮೇಲೆ ನೆನಪಾಯ್ತು, ಅದು ದುಂಡಗೆ ಒಂದೇ ಇತ್ತು, ತುದಿಯಲ್ಲಿ. ಉರಿ ಜಾಸ್ತಿ. ಮಾದ ಮೇಲೆ ಕಪ್ಪು ಮಚ್ಚೆ ಉಳಿದಿದೆ, ಬೇರೆಯವು ಹಂಗೆ ಮಚ್ಚೆ ಉಳಿಸಿರ್ಲಿಲ್ಲ. ಈಗ ಜೂನಲ್ಲಿ ಬಂದಿರೋದೂ ಅದೇ ಮಚ್ಚೆ ಮೇಲೆ. ಮತ್ತೆ, ಅಯ್ಯೋ, ಮೇ 31ಕ್ಕೆ ರಸ್ತೆ ಬದಿ ಪಾನಿಪುರಿ ತಿಂದು ಅದೇ ಮಾತ್ರೆ ಎರಡು ನುಂಗಿದ್ದೆ.

ಕಪ್ಪುಮಚ್ಚೆ:

ಅದೇ ಅನ್ಕೊಂಡೆ. ನನ್ನ ಹೆಸರು ನೋಡಿ, ಸುಮ್ನೆ ಇಟ್ಕೊಂಡಿದ್ದಲ್ಲ.

ಎರಡು ವರ್ಷ ನನಗೆ ಹರ್ಪಿಸ್ ಅಂತ ಟ್ರೀಟ್‌ಮೆಂಟ್ ಕೊಟ್ರು. ವರ್ಷಕ್ಕೆ ಮೂರ್ನಾಲ್ಕು ಸಲ, ಅದೇ ಜಾಗ, ಅದೇ ಅಳತೆ, ರಾತ್ರಿ ಮಲಗುವಾಗ ಏನೂ ಇರ್ತಿರ್ಲಿಲ್ಲ ಬೆಳಗ್ಗೆ ಎದ್ರೆ ಉರಿ. ಹೆಂಡ್ತಿ ಅನುಮಾನ ಪಟ್ಟು ತವರಿಗೆ ಹೋಗಿ ಇಪ್ಪತ್ತು ದಿನ ಕೂತಿದ್ಲು, ಅದನ್ನ ಇಲ್ಲಿ ಬರೆಯೋಕೂ ಮನಸ್ಸಿಲ್ಲ. ಕೊನೆಗೆ ವಯಸ್ಸಾದ ಒಬ್ಬ ಚರ್ಮದ ಡಾಕ್ಟ್ರು, ಕೆಳಗೆ ನೋಡೋಕೂ ಮೊದಲು ತುಟಿ ಎತ್ತಿ ನೋಡಿದ್ರು, ಅಲ್ಲೂ ಒಂದು ಕಪ್ಪು ಮಚ್ಚೆ. ಅಂಗೈ ನೋಡಿದ್ರು, ಅಲ್ಲೊಂದು. ಅವರು ಕೇಳಿದ್ದು ಒಂದೇ ಪ್ರಶ್ನೆ, ತಲೆನೋವಿಗೆ ಏನು ತಗೋತೀಯಾ? ಫಿಕ್ಸೆಡ್ ಡ್ರಗ್ ಎರಪ್ಶನ್ ಅಂತ ಅದಕ್ಕೆ ಹೆಸರು. ಯಾವುದೋ ಒಂದು ಮಾತ್ರೆ ಮೈಗೆ ಆಗಿಬರಲ್ಲ, ಪ್ರತಿ ಸಲ ಅದನ್ನ ನುಂಗಿದಾಗಲೂ ಅದೇ ಜಾಗದಲ್ಲಿ ಗಂಟೆಗಳ ಒಳಗೆ, ಹೆಚ್ಚಂದ್ರೆ ಒಂದೆರಡು ದಿನಕ್ಕೆ ಸುಟ್ಟಂಗೆ ಏಳತ್ತೆ. ತುಟಿ, ಶಿಶ್ನದ ತುದಿ ಅದಕ್ಕೆ ಬಲು ಇಷ್ಟದ ಜಾಗ. ಗುಳ್ಳೆ ಬಂದು ಒಡೆದ್ರೆ ಹರ್ಪಿಸ್ ಥರಾನೇ ಕಾಣತ್ತೆ. ಕಪ್ಪು ಬಣ್ಣ ತಿಂಗಳಗಟ್ಟಲೆ ಉಳಿಯತ್ತೆ. ನೋವಿನ ಮಾತ್ರೆ, ಸಲ್ಫಾ, ಟಿನಿಡಜೋಲ್, ಡಾಕ್ಸಿಸೈಕ್ಲಿನ್, ಫಂಗಸ್‌ಗೆ ಕೊಡೋ ಫ್ಲುಕೊನಜೋಲ್, ಯಾವುದರಿಂದಾನೂ ಆಗಬಹುದು, ನಂದು ನೋವಿನ ಮಾತ್ರೇದು.

ನಿಮಗೆ ಹರ್ಪಿಸ್ ಇಲ್ಲ ಅಂತ ಹೇಳ್ತಿಲ್ಲ, ಪಿಸಿಆರ್ ಆಗಿದೆ, ಇದೆ. ಆದ್ರೆ ಒಂದ್ಸಲ ಆ ಹೆಸರು ಅಂಟಿಕೊಂಡ ಮೇಲೆ ಅಲ್ಲಿ ಏನೇ ಎದ್ರೂ ನಾವೂ ಅದೇ ಅಂತೀವಿ, ಡಾಕ್ಟ್ರೂ ಫೋನಲ್ಲೇ ಅದೇ ಅಂತಾರೆ. ಐದರಲ್ಲಿ ಎರಡು ಅದಲ್ಲದೇ ಇರಬಹುದು. ಜೂನ್‌ದು ಇನ್ನೂ ಹಸಿ ಇದ್ರೆ ನಾಳೇನೇ ಹೋಗಿ ತೋರಿಸಿ, ಒಣಗಿದ ಮೇಲೆ ಸ್ವಾಬಲ್ಲಿ ಏನೂ ಸಿಗಲ್ಲ. ಆ ಮಾತ್ರೆ ಮತ್ತೆ ನುಂಗಿ ಪರೀಕ್ಷೆ ಮಾಡೋಕೆ ಮಾತ್ರ ಹೋಗ್ಬೇಡಿ, ಪ್ರತಿ ಸಲ ಹರಡ್ತಾ ಹೋಗಬಹುದು.

ಔಷಧಿ_ಅಂಗಡಿ_ಹುಡ್ಗ:

ಒಪ್ಕೊಂಡೆ ಅಣ್ಣ. ನಾನು ಕೌಂಟರಲ್ಲಿ ದಿನಾ ಆ ಹಳದಿ ಮಾತ್ರೆ ಕೊಡ್ತೀನಿ, ನಂಗೇ ಹೊಳೀಲಿಲ್ಲ.

ಗಿರಿಜಾಮಾವ:

ಹೊಟ್ಟೆ ಕೆಟ್ಟಾಗ ಮಾತ್ರೆ ಯಾಕಪ್ಪ ಬೇಕಿತ್ತು, ಮಜ್ಜಿಗೆಗೆ ಇಂಗು ಹಾಕ್ಕೊಂಡು ಕುಡಿದಿದ್ರೆ ಇಷ್ಟೆಲ್ಲಾ ಆಗ್ತಿತ್ತಾ. ಇದನ್ನಂತೂ ಒಪ್ಕೊಳ್ಳಿ.

ಚಿತ್ರದುರ್ಗದ_ಬಿಸಿಲು:

ಇದೊಂದು ಸಲ ಮಾವ ಗೆದ್ರು. ಉಪ್ಪು ಸಕ್ಕರೆ ನೀರು, ಓಆರ್‌ಎಸ್ ಸಾಕಿತ್ತು.

ನಿದ್ದೆಗೆಟ್ಟವ:

ಏಳು ವಾರ ಆದ್ಮೇಲೆ ಬರೀತಿದೀನಿ, ಯಾರಾದ್ರೂ ಇದೇ ಹುಡುಕ್ಕೊಂಡು ಬಂದ್ರೆ ಉಪಯೋಗ ಆಗ್ಲಿ.

ಮಾರನೇ ದಿನವೇ ಹೋದೆ. ಹೊಸ ಡಾಕ್ಟ್ರು, ಹೆಂಗಸು, ಒಂದು ಕ್ಷಣ ವಾಪಸ್ ಹೋಗ್ಬಿಡೋಣ ಅನ್ನಿಸ್ತು, ಟೋಕನ್ ಕೈಲಿ ಹಿಡ್ಕೊಂಡು ಎರಡು ಸಲ ಬಾಗಿಲ ತನಕ ಹೋಗಿ ಬಂದೆ. ಅವರಿಗೆ ಮಾತ್ರ ಏನೂ ಅನ್ನಿಸಿದಂಗೆ ಕಾಣ್ಲಿಲ್ಲ, ಮೊಡವೆ ನೋಡಿದಂಗೆ ನೋಡಿದ್ರು. ಲೆನ್ಸ್ ಇಟ್ಟು ಮಚ್ಚೆ ನೋಡಿ, ನಾನು ಮಾತ್ರೆ ಕಥೆ ಹೇಳೋಕೆ ಮುಂಚೇನೇ ಈ ತಿಂಗಳು ಏನಾದ್ರೂ ಆ್ಯಂಟಿಬಯೋಟಿಕ್ ತಗೊಂಡ್ರಾ ಅಂದ್ರು. ಸ್ವಾಬ್ ಕಳಿಸಿದ್ರು, ನೆಗೆಟಿವ್. ಏಪ್ರಿಲ್, ಜೂನ್ ಎರಡೂ ಮಾತ್ರೇದೇ ಇರಬೇಕು, ಜನವರಿ, ಫೆಬ್ರವರಿ, ಮಾರ್ಚ್‌ದು ನೀವು ಹೇಳೋದು ಕೇಳಿದ್ರೆ ಹರ್ಪಿಸ್ಸೇ ಅಂದ್ರು. ನಾರ್‌ಫ್ಲಾಕ್ಸಸಿನ್, ಟಿನಿಡಜೋಲ್ ಎರಡೂ ಇನ್ಮೇಲೆ ಬೇಡ ಅಂತ ಚೀಟಿ ಮೇಲೆ ಕೆಂಪು ಪೆನ್ನಲ್ಲಿ ಬರೆದ್ರು, ಮೆಟ್ರೋನಿಡಜೋಲ್ ಕೂಡ ಅದರ ಅಣ್ಣತಮ್ಮ ಅಂತೆ, ಹುಷಾರಾಗಿರಿ ಅಂದ್ರು. ಅದನ್ನ ಫೋಟೋ ತೆಗೆದು ಅಮ್ಮಂಗೂ ಕಳಿಸಿದೀನಿ, ಹೊಟ್ಟೆನೋವಿನ ಮಾತ್ರೆ ಅಲರ್ಜಿ ಅಂತಷ್ಟೇ ಹೇಳಿ. ಮನೇಲಿರೋ ಆ ಸ್ಟ್ರಿಪ್ಪನ್ನೆಲ್ಲ ಅಮ್ಮ ಎಸೆದ್ಲು.

ಎಚ್‌ಐವಿ ನೆಗೆಟಿವ್, ಶುಗರ್ ನಾರ್ಮಲ್, ಕಿಡ್ನಿ ನೋಡೋ ಕ್ರಿಯಾಟಿನಿನ್ ಟೆಸ್ಟೂ ನಾರ್ಮಲ್. ಸ್ಟೀರಾಯ್ಡ್ ಕ್ರೀಮ್ ನಿಲ್ಲಿಸಿದ ಮೊದಲ ಹತ್ತು ದಿನ ತೊಡೆಸಂದಿ ತುರಿಕೆ ಅಂದ್ರೆ ಹುಚ್ಚು ಹಿಡಿಯೋಷ್ಟು, ಫಂಗಸ್‌ಗೆ ಬೇರೆ ಮಾತ್ರೆ ಕೊಟ್ಟಿದಾರೆ, ಈಗ ಮುಕ್ಕಾಲು ಭಾಗ ಹೋಗಿದೆ. ವ್ಯಾಲಸೈಕ್ಲೋವಿರ್ 500 ದಿನಾ ಒಂದು, ಆರು ತಿಂಗಳು ನೋಡೋಣ ಆಮೇಲೆ ನಿಲ್ಲಿಸಿ ಎಷ್ಟು ಸಲ ಬರತ್ತೆ ಲೆಕ್ಕ ಹಾಕೋಣ ಅಂದಿದಾರೆ. ಇದರ ಮಧ್ಯೆ ಒಂದ್ಸಲ ಎರಡು ಚಿಕ್ಕ ಗುಳ್ಳೆ ಬಂತು, ಮೂರೇ ದಿನಕ್ಕೆ ಒಣಗ್ತು. ಅದು ಬಂದಿದ್ದು ಡೆಂಗ್ಯೂ ಅನುಮಾನ ಇದ್ದ ಜ್ವರದ ವಾರ, ಹಂಗಾಗಿ ಆಶ್ಚರ್ಯ ಆಗ್ಲಿಲ್ಲ.

ಅಕ್ಕ ಹೇಳಿದಂಗೆ ಕ್ಯಾಲೆಂಡರ್ ಶುರು ಮಾಡಿದೀನಿ. ನಿದ್ದೆ ಎಷ್ಟು ಗಂಟೆ, ಯಾವ ಮಾತ್ರೆ, ಬೈಕಾ ಮೆಟ್ರೋನಾ, ಅಷ್ಟೇ ಬರೆಯೋದು. ನೈಟ್ ಶಿಫ್ಟ್ ಬದಲಾಯಿಸಿ ಅಂತ ಮ್ಯಾನೇಜರ್ ಹತ್ರ ಕೇಳಿದೆ, ಅಕ್ಟೋಬರ್ ತನಕ ಆಗಲ್ಲ ಅಂದ್ರು.

ಹುಡುಗಿ ವಿಷಯ ಇನ್ನೂ ಹೇಳಿಲ್ಲ. ಮುಂದಿನ ಭಾನುವಾರ ಇಬ್ಬರೇ ಸಿಗ್ತಿದೀವಿ, ಅವರೇ ಕೇಳಿದ್ದು. ಅಕ್ಕ, ಒಂದು ಕೇಳ್ಲಾ, ನೀವು ತಿಂಡಿ ಬರೋಕೆ ಮುಂಚೆ ಹೇಳಿದ್ರಾ ಆಮೇಲಾ?

ಕಡಲತೀರದ_ಅಕ್ಕ:

ತಿಂಡಿ ಅರ್ಧ ಆದ ಮೇಲೆ. ಹಸಿದ ಹೊಟ್ಟೆಯಲ್ಲಿ ಹೇಳಬೇಡಿ, ಕೇಳುವವರಿಗೂ ಕಷ್ಟ. ಮತ್ತೆ ಡಾಕ್ಟರ ಚೀಟಿ ಕಿಸೆಯಲ್ಲಿ ಇರಲಿ, ಅವರು ಪ್ರಶ್ನೆ ಕೇಳಿದರೆ ಉತ್ತರ ತಡಕಾಡುವ ಹಾಗೆ ಆಗಬಾರದು.